ಬಾವಿ ತೋಡುವ ಮೊದಲು ಕಲ್ಲಿನ ಹೆಸರು ಕೇಳಿರಿ

ಬೇಸಿಗೆಯ ಒಂದು ಮಧ್ಯಾಹ್ನ ಸವದತ್ತಿ ಕಡೆಯ ರೈತರೊಬ್ಬರು ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ತಂದು ನನ್ನ ಮುಂದಿಟ್ಟರು. "ಸಾಹೇಬ್ರ, ಇದರಾಗ ಏನ್ ಬರದಾರ ಸ್ವಲ್ಪ ಓದಿ ಹೇಳ್ರಿ" ಎಂದರು. ಅದು ಅವರ ಹೊಲದಲ್ಲಿ ಕೊರೆದ ಬೋರಿನ ಪಟ್ಟಿ. ಕೊರೆಯುವ ಯಂತ್ರದವರು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಗೀಚಿ ಕೊಟ್ಟಿದ್ದರು. ಮೊದಲ 6 ಅಡಿ ಕೆಂಪು ಮಣ್ಣು. ಆಮೇಲೆ 30 ಅಡಿಯವರೆಗೆ 'ವೆದರ್ಡ್'. ಅಲ್ಲಿಂದ 110 ಅಡಿಯವರೆಗೆ 'ಜಾಯಿಂಟೆಡ್'. 110ರಿಂದ 380 ಅಡಿಯವರೆಗೆ 'ಕ್ವಾರ್ಟ್ಜೈಟ್, ಮ್ಯಾಸಿವ್'. 90 ಅಡಿಗೆ ಸ್ವಲ್ಪ ಹಸಿ ಕಂಡಿತ್ತಂತೆ, ಆಮೇಲೆ ಬರಿ ಹುಡಿ. "ಇನ್ನೊಂದ ಐವತ್ತ ಅಡಿ ನೋಡೂಣು, ಇನ್ನೊಂದ ಐವತ್ತ ಅಡಿ ನೋಡೂಣು ಅಂದ್ರು. ನಾನೂ ಹೂಂ ಅಂದೆ" ಎಂದರು.

'ಮ್ಯಾಸಿವ್' ಎಂದರೆ ಬಿರುಕಿಲ್ಲದ ಇಡೀ ಬಂಡೆ. ಬಿರುಕಿಲ್ಲದ ಕ್ವಾರ್ಟ್ಜೈಟಿನಲ್ಲಿ ನೀರಿಗೆ ನಿಲ್ಲಲು ಜಾಗವೇ ಇಲ್ಲ. ಆ ಒಂದು ಪದದ ಅರ್ಥ ಗೊತ್ತಿದ್ದಿದ್ದರೆ ಅವರು 150 ಅಡಿಯ ಹೊತ್ತಿಗೆ ಯಂತ್ರ ನಿಲ್ಲಿಸಿ ಎಂದು ಹೇಳಬಹುದಿತ್ತು. ಉಳಿದ 230 ಅಡಿಗೆ ಅವರು ಕೊಟ್ಟ ಹಣ ಒಣಗಲ್ಲನ್ನು ಹುಡಿ ಮಾಡಿದ ಕೂಲಿ. ಅಡಿ ಲೆಕ್ಕದಲ್ಲಿ ಹಣ ಪಡೆಯುವವರು ತಾವಾಗಿ ನಿಲ್ಲಿಸುವುದಿಲ್ಲ, ನಿಲ್ಲಿಸಲಿ ಎಂದು ನಿರೀಕ್ಷಿಸುವುದೂ ಸರಿಯಲ್ಲ. ನಿಲ್ಲಿಸಿ ಎನ್ನಬೇಕಾದವನು ಹೊಲದ ಒಡೆಯ.

ಆದ್ದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ರೈತ ಬಾಂಧವರಿಗೆ ಪದೇ ಪದೇ ಎದುರಾಗುವ ಭೂವಿಜ್ಞಾನದ ಕೆಲವು ಪದಗಳನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸಿದ್ದೇನೆ. ಇವು ಕಠಿಣವಲ್ಲ. ಅರ್ಧದಷ್ಟು ಪದಗಳು ಬೇರೆ ಹೆಸರಿನಿಂದ ನಿಮ್ಮ ಬಾಯಲ್ಲೇ ಇವೆ.

ನಿಮ್ಮೂರ ಹೆಸರು ಪುಸ್ತಕದಲ್ಲಿ

ಮೊದಲು ಒಂದು ಸಂತೋಷದ ಸಂಗತಿ. ಭೂವಿಜ್ಞಾನಿಗಳು ಒಂದು ಕಲ್ಲಿನ ಪದರನ್ನು ಎಲ್ಲಿ ಚೆನ್ನಾಗಿ ಕಾಣುತ್ತಾರೋ ಆ ಊರಿನ ಹೆಸರನ್ನೇ ಅದಕ್ಕೆ ಇಡುವ ವಾಡಿಕೆಯುಂಟು. ಹಾಗಾಗಿ 'ಧಾರವಾಡ ಶಿಲೆ' ಎಂದರೆ ದೂರದ ದೇಶಗಳ ಭೂವಿಜ್ಞಾನಿಗಳಿಗೂ ಗೊತ್ತು. ರಾಬರ್ಟ್ ಬ್ರೂಸ್ ಫೂಟ್ ಎಂಬ ಅಧಿಕಾರಿ ನಮ್ಮ ಈ ಭಾಗವನ್ನು ಸುತ್ತಿ, ಇಲ್ಲಿಯ ಕಲ್ಲುಗಳ ವಿವರವನ್ನು ಬರೆದದ್ದು 1876ರಲ್ಲಿ ಪ್ರಕಟವಾಯಿತು. ಬಾಗಲಕೋಟೆ ಕಡೆಯ ಕಲಾದಗಿಯ ಹೆಸರು ಇಲ್ಲಿಯ ಉಸುಕುಗಲ್ಲು, ಸುಣ್ಣಕಲ್ಲುಗಳ ಇಡೀ ಸಮೂಹಕ್ಕೆ ನಿಂತಿತು. ಅದರೊಳಗಿನ ಪದರುಗಳನ್ನು ಇನ್ನೂ ಬಿಡಿಸಿ ನೋಡಿದ ನಂತರದ ವಿಜ್ಞಾನಿಗಳು 'ರಾಮದುರ್ಗ ಫಾರ್ಮೇಶನ್', 'ಸವದತ್ತಿ ಕ್ವಾರ್ಟ್ಜೈಟ್', 'ಯರಗಟ್ಟಿ ಫಾರ್ಮೇಶನ್' ಎಂದು ಹೆಸರಿಟ್ಟರು. 'ಮನೋಳಿ ಆರ್ಗಿಲೈಟ್' ಎಂದೊಂದಿದೆ. ಮನೋಳಿ ಬೇರೆ ಯಾವುದೂ ಅಲ್ಲ, ಇಂಗ್ಲಿಷರ ಬಾಯಲ್ಲಿ ಹಾಗಾದ ನಮ್ಮ ಮುನವಳ್ಳಿಯೇ.

ಇದರಲ್ಲಿ 'ಫಾರ್ಮೇಶನ್' ಎಂದರೆ ಒಂದೇ ಕಾಲಘಟ್ಟದಲ್ಲಿ, ಹೆಚ್ಚು ಕಡಿಮೆ ಒಂದೇ ರೀತಿಯಲ್ಲಿ ಉಂಟಾದ ಪದರುಗಳ ಕಟ್ಟು. 'ಆರ್ಗಿಲೈಟ್' ಎಂದರೆ ಕೆಸರು ಅದುಮಿ ಅದುಮಿ ಕಲ್ಲಾದದ್ದು. ಉಗುರಿನಿಂದ ಉಜ್ಜಿ ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬಂದೀತು. 'ಕ್ವಾರ್ಟ್ಜೈಟ್' ಎಂದರೆ ಉಸುಕುಗಲ್ಲು ಮತ್ತಷ್ಟು ಗಟ್ಟಿಯಾಗಿ ಉಕ್ಕಿನಂತಾದದ್ದು. ಇದರ ಮೇಲೆ ಚಾಕು ಎಳೆದರೆ ಗೆರೆ ಮೂಡುವುದಿಲ್ಲ, ಬದಲಾಗಿ ಚಾಕುವಿನ ಉಕ್ಕೇ ಕಲ್ಲಿಗೆ ಹತ್ತುತ್ತದೆ. ಯಲ್ಲಮ್ಮನ ಗುಡ್ಡ ಹತ್ತುವಾಗ ಕಾಲಿಗೆ ಸಿಗುವ ತಿಳಿಗೆಂಪು, ಬಿಳಿ ಛಾಯೆಯ ಕಲ್ಲು ಇದೇ ಜಾತಿಯದು. ಕೆಲವು ಹಾಸುಬಂಡೆಗಳ ಮೇಲೆ ಹೊಳೆದಂಡೆಯ ಉಸುಕಿನಲ್ಲಿ ಕಾಣುವಂತಹ ಅಲೆ ಅಲೆಯ ಗುರುತು ಕಂಡುಬರುತ್ತದೆ. ಒಂದು ಕಾಲಕ್ಕೆ ಅದರ ಮೇಲೆ ನೀರು ಹರಿದಾಡಿದ್ದಕ್ಕೆ ಅದೇ ಸಾಕ್ಷಿ.

ಮೂರು ಕುಲ

ಕಲ್ಲುಗಳಲ್ಲಿ ಮೂರು ಕುಲ. ಕರಗಿದ ರಸ ಆರಿ ಗಟ್ಟಿಯಾದದ್ದು ಅಗ್ನಿಶಿಲೆ. ನೀರು ಅಥವಾ ಗಾಳಿ ತಂದು ಹಾಕಿದ ಮಣ್ಣು, ಉಸುಕು, ಸುಣ್ಣ ಪದರು ಪದರಾಗಿ ಕುಳಿತು ಕಲ್ಲಾದದ್ದು ಜಲಜಶಿಲೆ. ಈ ಎರಡರಲ್ಲಿ ಯಾವುದಾದರೂ ಭೂಮಿಯೊಳಗಿನ ಕಾವು ಮತ್ತು ಒತ್ತಡಕ್ಕೆ ಸಿಕ್ಕಿ ಬೇರೆ ರೂಪ ತಾಳಿದ್ದು ರೂಪಾಂತರ ಶಿಲೆ. ಶಾಲೆಯ ಪುಸ್ತಕದಲ್ಲಿ ಓದಿ ಮರೆತದ್ದು ಇಷ್ಟೇ. ನಮ್ಮ ಸೀಮೆಯ ವಿಶೇಷವೇನೆಂದರೆ, ಕಿತ್ತೂರಿನಿಂದ ಬೈಲಹೊಂಗಲ ಹಾಯ್ದು ಸವದತ್ತಿ, ರಾಮದುರ್ಗಕ್ಕೆ ಒಂದು ದಿನದ ಬಸ್ ಪ್ರಯಾಣದಲ್ಲಿ ಈ ಮೂರೂ ಕುಲವನ್ನು ನೋಡಿಬಿಡಬಹುದು. ಕುಲ ಬದಲಾದಂತೆ ಬಾವಿಯ ಲೆಕ್ಕವೂ ಬದಲಾಗುತ್ತದೆ.

ಬೈಲಹೊಂಗಲದ ಎರೆ, ಅದರ ಕೆಳಗಿನ ಕರಿಕಲ್ಲು

ಬೈಲಹೊಂಗಲದ ಎರೆಹೊಲಗಳ ಕೆಳಗೆ ಹಲವು ಕಡೆ ಸಿಗುವುದು ಕರಿಕಲ್ಲು. ಪುಸ್ತಕದಲ್ಲಿ ಇದು 'ಬಸಾಲ್ಟ್'. ಇಡೀ ಸಮೂಹಕ್ಕೆ 'ದಖ್ಖಣ ಟ್ರ್ಯಾಪ್' ಎನ್ನುತ್ತಾರೆ. 'ಟ್ರ್ಯಾಪ್' ಎಂಬುದು ಮೆಟ್ಟಿಲು ಎಂಬ ಅರ್ಥದ ಸ್ವೀಡನ್ ದೇಶದ ಪದದಿಂದ ಬಂದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾರಸ ಒಂದರ ಮೇಲೊಂದು ಹಾಸಾಗಿ ಹರಿದು ಆರಿತು. ಸವೆದ ಮೇಲೆ ಆ ಹಾಸುಗಳು ಗುಡ್ಡದ ಮಗ್ಗುಲಲ್ಲಿ ಮೆಟ್ಟಿಲಿನಂತೆ ಕಾಣುತ್ತವೆ. ಬೆಳಗಾವಿಯಿಂದ ವಾಯವ್ಯಕ್ಕೆ ಹೋದಷ್ಟೂ ಇದು ದಪ್ಪವಾಗುತ್ತ ಮಹಾರಾಷ್ಟ್ರವನ್ನೆಲ್ಲ ಆವರಿಸಿದೆ. ನಮ್ಮದು ಅದರ ತೆಂಕಣ ಅಂಚು. ಅಂಚಾದ್ದರಿಂದ ಇಲ್ಲಿ ಹಾಸು ತೆಳುವು, ಕೆಲವೆಡೆ ಅದು ಹರಿದುಹೋಗಿ ಕೆಳಗಿನ ಹಳೆಯ ಪದರುಗಲ್ಲು ಇಣುಕುತ್ತದೆ.

ಪ್ರತಿಯೊಂದು ಹಾಸಿನ ಮೇಲ್ಭಾಗದಲ್ಲಿ ಜೇನುಹುಟ್ಟಿನಂತೆ ತೂತುಗಳಿರುತ್ತವೆ. ರಸ ಆರುವಾಗ ಒಳಗಿನ ಗಾಳಿ ಗುಳ್ಳೆಗಳು ಮೇಲೇರಿ ಸಿಕ್ಕಿಬಿದ್ದ ಗುರುತು ಅದು. ಪಟ್ಟಿಯಲ್ಲಿ 'ವೆಸಿಕ್ಯುಲರ್' ಎಂದು ಬರೆಯುತ್ತಾರೆ. ಹಾಸಿನ ಕೆಳಭಾಗ ಇಡಿಗಲ್ಲು. ಎರಡು ಹಾಸುಗಳ ನಡುವೆ ಕೆಲವೊಮ್ಮೆ ಒಂದೆರಡು ಅಡಿ ಇಟ್ಟಿಗೆ ಬಣ್ಣದ ಮಣ್ಣಿನ ಪದರು ಸಿಗುತ್ತದೆ. ಇದು 'ರೆಡ್ ಬೋಲ್'. ಮೊದಲ ಹಾಸು ಆರಿ, ಬಹುಕಾಲ ಬಿಸಿಲು ಮಳೆಗೆ ಬಿದ್ದಿದ್ದು, ಅದರ ಮೇಲೆ ಮತ್ತೊಂದು ರಸ ಹರಿದು ಸುಟ್ಟ ಗುರುತು. ಬಾವಿ ತೋಡುವವರಿಗೆ ಈ ಕೆಮ್ಮಣ್ಣು ಮುಖ್ಯ. ತಾನು ನೀರು ಕೊಡುವುದು ಕಡಿಮೆ, ಹಸಿಯಾದರೆ ಬಾವಿಯ ಮಗ್ಗುಲನ್ನು ಕುಸಿಯಿಸುತ್ತದೆ. ಆದರೆ ಅದು ಸಿಕ್ಕಿತೆಂದರೆ ಕೆಳಗೆ ಮತ್ತೊಂದು ಹಾಸಿನ ತೂತುಗಲ್ಲು ಇದೆ ಎಂದು ತಿಳಿಯಬೇಕು. ಆದ್ದರಿಂದ 'ಮ್ಯಾಸಿವ್' ಎಂಬ ಪದಕ್ಕೆ ಕರಿಕಲ್ಲಿನಲ್ಲಿ ಬೇರೆ ತೂಕವಿದೆ. ಕ್ವಾರ್ಟ್ಜೈಟಿನಲ್ಲಿ ಅದು ನಿಲ್ಲು ಎಂಬ ಸೂಚನೆಯಾದರೆ, ಕರಿಕಲ್ಲಿನಲ್ಲಿ ಒಂದು ಹಾಸು ಮುಗಿಯುತ್ತ ಬಂದಿದೆ ಎಂದೂ ಇದ್ದೀತು. ಈ ವ್ಯತ್ಯಾಸ ತಿಳಿಯದೆ ನೆರೆಹೊಲದವನ ಆಳ ನೋಡಿ ಕೊರೆಯಿಸುವುದು ಜೂಜು.

ತೂತುಗಳಲ್ಲಿ ಬಿಳಿ ಹರಳು ತುಂಬಿದ್ದರೆ ಆಸೆ ಕಡಿಮೆ ಮಾಡಿಕೊಳ್ಳಿರಿ. ಹಳೆಯ ಕಾಲದ ನೀರು ಅಲ್ಲಿ ಸುಣ್ಣ ಮತ್ತಿತರ ಖನಿಜಗಳನ್ನು ಬಿಟ್ಟು ತೂತು ಮುಚ್ಚಿದೆ ಎಂದರ್ಥ. 'ಖನಿಜ' ಎಂದರೆ ನಿರ್ದಿಷ್ಟ ರಾಸಾಯನಿಕ ರಚನೆಯುಳ್ಳ ನೈಸರ್ಗಿಕ ವಸ್ತು, 'ಶಿಲೆ' ಎಂದರೆ ಒಂದು ಅಥವಾ ಹಲವು ಖನಿಜಗಳು ಕೂಡಿ ಆದದ್ದು. ಚುರುಮುರಿಯಲ್ಲಿ ಪುಟಾಣಿ, ಶೇಂಗಾ ಬೇರೆ ಬೇರೆ ಕಂಡರೂ ಒಟ್ಟಿಗೆ ಚುರುಮುರಿ ಎನ್ನುವ ಹಾಗೆ.

ಇದೇ ಕರಿಕಲ್ಲು ಸವೆದು, ಕೊಳೆತು ಎರೆ ಮಣ್ಣಾಗುತ್ತದೆ. ಈ ಸವೆತಕ್ಕೆ 'ಶಿಥಿಲೀಕರಣ' ಎಂಬ ಪದ. ಕೊರೆಯುವವರ ಪಟ್ಟಿಯ 'ವೆದರ್ಡ್' ಇದೇ. ನೀವು ಗರಸು ಎನ್ನುವಿರಲ್ಲ, ಅದು ಅರ್ಧ ಶಿಥಿಲವಾದ ಕಲ್ಲು. ಪೂರ್ತಿಯಾದರೆ ಮಣ್ಣು. ಎರೆಯ ಜೇಡಿಯಲ್ಲಿ ಮುಖ್ಯವಾಗಿರುವ ಖನಿಜ ಮಾಂಟ್‌ಮೊರಿಲೊನೈಟ್. ಹೆಸರು ಫ್ರಾನ್ಸಿನ ಒಂದು ಊರಿನದು, ಗುಣ ನಿಮಗೆ ಗೊತ್ತಿದ್ದದ್ದೇ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಾಲು ಇಳಿಯುವಷ್ಟು ಬಾಯಿ ಬಿಡುತ್ತದೆ. ಎರೆಯಲ್ಲಿ ಕಟ್ಟಿದ ಮನೆಯ ಗೋಡೆ ಏಕೆ ಸೀಳುತ್ತದೆ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಾರೆ. ಉತ್ತರ ಈ ಖನಿಜ.

ಕಿತ್ತೂರಿನ ಕೆಂಪು

ಹಿಂದೆ ಬೈಲಹೊಂಗಲ ತಾಲೂಕಿಗೆ ಸೇರಿದ್ದ ಕಿತ್ತೂರು ಈಗ ತಾನೇ ಒಂದು ತಾಲೂಕು. ಕಲ್ಲಿನ ಲೆಕ್ಕದಲ್ಲಿ ಅದು ಮೊದಲಿನಿಂದಲೂ ಬೇರೆಯೇ. ಇಲ್ಲಿ ಧಾರವಾಡ ಶಿಲೆ, ಅಂದರೆ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನ ಕೆಸರು, ಉಸುಕುಗಳು ರೂಪಾಂತರಗೊಂಡು ಹಾಳೆ ಹಾಳೆಯಾದ ಕಲ್ಲು. ಇದಕ್ಕೆ 'ಶಿಸ್ಟ್' ಎಂಬ ಹೆಸರಿದೆ. ನಾವು ಪದರುಗಲ್ಲು ಎನ್ನೋಣ. ಹೊರಳಿಸಿಟ್ಟ ಪುಸ್ತಕದ ಹಾಳೆಗಳಂತೆ ಇದರ ಪದರುಗಳು ಬಹುಮಟ್ಟಿಗೆ ನೆಟ್ಟಗೆ ನಿಂತಿವೆ. ಮಳೆಯ ನೀರು ಹಾಳೆಗಳ ಸಂದಿನಲ್ಲಿ ಕೆಳಗಿಳಿದು ಕಲ್ಲನ್ನು ಆಳದವರೆಗೆ ಕೊಳೆಸುತ್ತದೆ. ಆದ್ದರಿಂದ ಇಲ್ಲಿ ತೆರೆದ ಬಾವಿಗೆ ಗರಸಿನ ಪದರು ದಪ್ಪ ಸಿಗುತ್ತದೆ, ಜೊತೆಗೆ ಮಗ್ಗುಲು ಕುಸಿಯುವ ಭಯವೂ ಇದ್ದದ್ದೇ. ಕಲ್ಲುಕಟ್ಟಡಕ್ಕೆ ಬೇಕಾದ ಹಣ ಮೊದಲೇ ಎತ್ತಿಡಬೇಕು.

ಮಳೆ ಹೆಚ್ಚಿದ್ದ ಕಡೆ ಶಿಥಿಲೀಕರಣ ಇನ್ನೂ ಮುಂದುವರಿದು ಸುಣ್ಣ, ಮರಳುಪುಡಿಯ ಅಂಶ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂಗಳಷ್ಟೇ ಉಳಿದು ಜಂಬಿಟ್ಟಿಗೆ ಕಲ್ಲಾಗುತ್ತದೆ. ಇಂಗ್ಲಿಷಿನಲ್ಲಿ 'ಲ್ಯಾಟರೈಟ್'. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಜನ ಇದನ್ನು ಕತ್ತರಿಸಿ ಇಟ್ಟಿಗೆಯಂತೆ ಬಳಸುವುದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಈ ಹೆಸರು ಕಟ್ಟಿ 1807ರ ತನ್ನ ಪುಸ್ತಕದಲ್ಲಿ ಬರೆದ. ನಮ್ಮ ಜಂಬಿಟ್ಟಿಗೆಯೊಳಗೂ ಇಟ್ಟಿಗೆ ಕುಳಿತಿದೆ, ನೋಡಿರಿ. ಈ ಮಣ್ಣಿನಲ್ಲಿ ಹಾಕಿದ ರಂಜಕವನ್ನು ಕಬ್ಬಿಣವೂ ಅಲ್ಯೂಮಿನಿಯಂ ಕೂಡ ಹಿಡಿದಿಟ್ಟುಕೊಂಡು ಬೆಳೆಗೆ ಸಿಗದಂತೆ ಮಾಡುತ್ತವೆ. ಆದ್ದರಿಂದ ಕಿತ್ತೂರು ಕಡೆಯ ಕೆಂಪು, ಹುಳಿ ಮಣ್ಣಿನಲ್ಲಿ ರಂಜಕವನ್ನು ಎರಚುವುದಕ್ಕಿಂತ ಬೇರಿನ ಹತ್ತಿರ ಸಾಲಿನಲ್ಲಿ ಬೀಳಿಸುವುದು ಲಾಭ.

ಸವದತ್ತಿ, ರಾಮದುರ್ಗದ ಗುಡ್ಡಸಾಲು

ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರ, ಎಂ.ಕೆ. ಹುಬ್ಬಳ್ಳಿ ದಾಟಿ ಬಂದು ಸವದತ್ತಿಯ ಬಳಿ ಗುಡ್ಡಕ್ಕೆ ಎದುರಾಗುತ್ತಾಳೆ. ಸುತ್ತಿ ಹೋಗುವುದನ್ನು ಬಿಟ್ಟು ಗುಡ್ಡವನ್ನೇ ಸೀಳಿ ಹೋಗಿದ್ದಾಳೆ. ಅದೇ ನವಿಲುತೀರ್ಥದ ಕಣಿವೆ. ಗುಡ್ಡದ ಮೇಲಿನ ನವಿಲು ಹೊಳೆಯನ್ನು ಹಂಗಿಸಿ ಕೂಗಿತು, ಹೊಳೆ ಸಿಟ್ಟಿನಿಂದ ತಿರುಗಿ ಗುಡ್ಡ ಒಡೆಯಿತು ಎಂದು ಹಿರಿಯರ ಕಥೆ. ಭೂವಿಜ್ಞಾನಿ ಇದನ್ನೇ 'ಸವೆತ' ಎನ್ನುತ್ತಾನೆ. ನೀರು, ನೀರಿನೊಡನೆ ಉರುಳುವ ಕಲ್ಲು ಉಸುಕು ಸೇರಿ ಲಕ್ಷಾಂತರ ವರ್ಷ ಕ್ವಾರ್ಟ್ಜೈಟನ್ನು ಗರಗಸದಂತೆ ಕೊಯ್ದಿವೆ. ಗೋಕಾಕದಲ್ಲಿ ಘಟಪ್ರಭೆ ಇದೇ ಕುಲದ ಕಲ್ಲಿನ ಮೇಲಿಂದ ಧುಮುಕುತ್ತಾಳೆ. ಎರಡೂ ಕಡೆ ಗಟ್ಟಿಬಂಡೆ, ನಡುವೆ ಇಕ್ಕಟ್ಟು ಬಾಯಿ ಇದ್ದುದರಿಂದಲೇ ಅಣೆಕಟ್ಟೆಗೆ ಈ ಜಾಗ ಒದಗಿತು. 1970ರ ದಶಕದ ಆರಂಭದಲ್ಲಿ ಮುಗಿದ ಈ ಕಟ್ಟೆಯ ಹಿಂದೆ ನಿಂತ ರೇಣುಕಾಸಾಗರದಲ್ಲಿ ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ.

ಇಲ್ಲಿಯ ಕಲ್ಲುಗಳನ್ನು ಓದಲು ಎರಡು ಪದ ಬೇಕು. ಒಂದು 'ಓರೆ', ಪುಸ್ತಕದಲ್ಲಿ 'ಡಿಪ್'. ಹಾಸುಗಲ್ಲು ಸಮತಟ್ಟಾಗಿ ಹಾಸಿದ್ದರೂ ಆಮೇಲೆ ಭೂಮಿಯ ಅದುಮಿಗೆ ಸಿಕ್ಕಿ ಒಂದು ಕಡೆ ವಾಲಿರುತ್ತದೆ. ವಾಲಿದ ದಿಕ್ಕನ್ನು ತಿಳಿಯಲು ಯಂತ್ರ ಬೇಡ. ಹಳ್ಳದ ದಂಡೆಯಲ್ಲೋ ಕಲ್ಲುಕ್ವಾರಿಯಲ್ಲೋ ಪದರು ಚೆನ್ನಾಗಿ ಕಾಣುವಲ್ಲಿ ನಿಂತು ಅದರ ಮೇಲೆ ಒಂದು ಚೊಂಬು ನೀರು ಸುರಿಯಿರಿ. ನೀರು ಹರಿದ ಕಡೆಯೇ ಓರೆ. ನೆಲದೊಳಗೂ ನೀರು ಹೆಚ್ಚಾಗಿ ಇದೇ ದಿಕ್ಕು ಹಿಡಿಯುತ್ತದೆ. ಒಂದೇ ಗುಡ್ಡದ ಎರಡು ಮಗ್ಗುಲಲ್ಲಿ ಒಂದೇ ದೂರದಲ್ಲಿ ಬಾವಿ ತೋಡಿದರೂ ಓರೆಯ ಮಗ್ಗುಲಿನ ಬಾವಿ ಬೇಸಿಗೆ ದಾಟುತ್ತದೆ, ಇನ್ನೊಂದು ಶಿವರಾತ್ರಿಗೇ ಒಣಗುತ್ತದೆ. ದೈವವನ್ನು ದೂರುವ ಮೊದಲು ಚೊಂಬು ನೀರು ಸುರಿದು ನೋಡುವುದು ಒಳ್ಳೆಯದು.

ಎರಡನೆಯದು 'ಸೀಳು' ಅಥವಾ 'ಬಿರುಕು'. ಪಟ್ಟಿಯಲ್ಲಿ 'ಜಾಯಿಂಟ್', 'ಫ್ರ್ಯಾಕ್ಚರ್' ಎಂದಿರುತ್ತದೆ. ಕ್ವಾರ್ಟ್ಜೈಟ್ ತಾನಾಗಿ ನೀರು ಹೀರುವುದಿಲ್ಲ. ಅದರೊಳಗಿನ ನೀರೆಲ್ಲ ಬಿರುಕಿನ ನೀರೇ. ಬಿರುಕಿಲ್ಲದ ಕಲ್ಲು ಅಡ್ಡ ಬಂದ ಕಡೆ ಆ ನೀರು ಹೊರಬಿದ್ದು ಸೆಲೆಯಾಗುತ್ತದೆ. ರಾಮದುರ್ಗ ಸೀಮೆಯ ಶಬರಿಕೊಳ್ಳದಂತಹ ಕೊಳ್ಳಗಳಲ್ಲಿ ಗುಡ್ಡದ ಬುಡಕ್ಕೆ ನೀರು ಜಿನುಗುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಗುಡ್ಡದ ಬುಡದಲ್ಲಿ ಬಾವಿ ತೋಡುವವರು ಇಂತಹ ಸೆಲೆಗಳ ಎತ್ತರವನ್ನು ಗಮನಿಸಬೇಕು. ಒಂದೇ ಮಟ್ಟದಲ್ಲಿ ಎರಡು ಮೂರು ಸೆಲೆಗಳಿದ್ದರೆ ಆ ಮಟ್ಟದಲ್ಲಿ ಕಲ್ಲು ಬದಲಾಗಿದೆ ಎಂದು ತಿಳಿಯಬೇಕು.

ಗುಡ್ಡಸಾಲಿನ ಅಂಚಿನಲ್ಲಿ ಕೆಲವೆಡೆ ಹಳೆಯ ಕಲ್ಲಿನ ಮೇಲೆ ಕಲಾದಗಿ ಕಲ್ಲು ಕುಳಿತದ್ದು ಕಾಣುತ್ತದೆ. ಕೆಳಗಿನ ಪದರುಗಲ್ಲು ನೆಟ್ಟಗೆ ನಿಂತಿದೆ, ಮೇಲಿನದು ಹಾಸಿದಂತಿದೆ. ನಡುವೆ ಬಹುಕಾಲದ ಲೆಕ್ಕವೇ ಇಲ್ಲ, ಖಾತೆ ಪುಸ್ತಕದ ಹಾಳೆ ಹರಿದುಹೋದಂತೆ. ಆ ಅವಧಿಯಲ್ಲಿ ಹಳೆಯ ಗುಡ್ಡಗಳು ಸವೆದು ಬಯಲಾಗಿ, ಆಮೇಲೆ ಅದರ ಮೇಲೆ ನೀರು ನಿಂತು ಹೊಸ ಉಸುಕು ಬಿದ್ದಿದೆ. ಇದನ್ನು 'ಅಸಂಗತಿ' ಎನ್ನುತ್ತಾರೆ. ಹೊಸ ಪದರಿನ ತಳದಲ್ಲಿ ಉರುಟು ಗುಂಡುಗಲ್ಲುಗಳು ಗಾರೆಯಲ್ಲಿ ಕೂಡಿಸಿದಂತೆ ಇರುವುದುಂಟು. ಅದು 'ಕಾಂಗ್ಲೊಮರೇಟ್'. ಬೋರಿನ ಹುಡಿಯಲ್ಲಿ ಬಣ್ಣ ಥಟ್ಟನೆ ಬದಲಾದರೆ ಆಳವನ್ನು ಬರೆದಿಟ್ಟುಕೊಳ್ಳಿರಿ. ಎರಡು ಕಲ್ಲುಗಳು ಕೂಡುವ ಜಾಗದಲ್ಲಿ ಹಲವು ಬಾರಿ ನೀರು ಸಿಗುತ್ತದೆ.

ಯರಗಟ್ಟಿ, ಯಾದವಾಡ ಕಡೆ ಸುಣ್ಣಕಲ್ಲು ಮತ್ತು ಡಾಲೊಮೈಟ್ ಸಿಗುತ್ತವೆ. ಎರಡೂ ನೋಡಲು ಒಂದೇ. ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಸುಣ್ಣಕಲ್ಲು ಕೂಡಲೇ ನೊರೆಯುಕ್ಕಿಸುತ್ತದೆ, ಡಾಲೊಮೈಟ್ ಪುಡಿ ಮಾಡಿದ ಮೇಲಷ್ಟೇ. ಡಾಲೊಮೈಟಿನಲ್ಲಿ ಮೆಗ್ನೀಶಿಯಂ ಇದೆ. ಕಿತ್ತೂರು ಕಡೆಯ ಹುಳಿ ಮಣ್ಣಿಗೆ ಹಾಕಲು ಇದರ ಪುಡಿಯೂ ಸಲ್ಲುತ್ತದೆ.

ಸವಳು, ಜವಳು, ಕರಲು

ಇನ್ನು ಮೂರು ಪದ. ಇವುಗಳ ಗೊಂದಲದಿಂದ ಆಗುತ್ತಿರುವ ನಷ್ಟ ಬೋರಿನ ನಷ್ಟಕ್ಕಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ. ಬೋರು ಕೆಟ್ಟರೆ ಒಂದು ವರ್ಷದ ಹಣ ಹೋದೀತು, ಇಲ್ಲಿ ಹೋಗುವುದು ಹೊಲವೇ.

ಮಲಪ್ರಭೆಯ ಕಾಲುವೆ ಬಂದ ಮೇಲೆ ಎರೆ ಭೂಮಿಗೆ ಕಬ್ಬು ಮತ್ತಿತರ ಹೆಚ್ಚು ನೀರಿನ ಬೆಳೆ ಬಂದವು. ಎರೆಯಲ್ಲಿ ನೀರು ಕೆಳಗಿಳಿಯುವುದು ನಿಧಾನ. ಹೆಚ್ಚಾದ ನೀರು ಹೋಗಲು ದಾರಿಯಿಲ್ಲದೆ 'ಅಂತರ್ಜಲ ಮಟ್ಟ' ಮೇಲೇರುತ್ತದೆ. ಬೇರಿನ ಸುತ್ತ ನೀರು ನಿಂತು ಗಾಳಿಯಾಡದೆ ಹೋದರೆ ಅದು ಜವಳು. ಆ ನೀರು ಬತ್ತಿಯಲ್ಲಿ ಎಣ್ಣೆ ಏರಿದಂತೆ ಮೇಲೆ ಬಂದು, ಬಿಸಿಲಿಗೆ ಆವಿಯಾಗಿ, ಕಲ್ಲು ಶಿಥಿಲವಾದಾಗ ಬಿಡುಗಡೆಯಾದ ಉಪ್ಪನ್ನು ನೆಲದ ಮೇಲೆ ಬಿಟ್ಟರೆ ಅದು ಸವಳು. ಬೆಳಿಗ್ಗೆ ಹೊಲದ ಮೇಲೆ ಬಿಳಿ ಪೊರೆ ಕಾಣುತ್ತದೆ.

ಉಪ್ಪಿನಲ್ಲಿ ಸೋಡಿಯಂ ಹೆಚ್ಚಾಗಿ ಅದು ಜೇಡಿಯ ಕಣಕ್ಕೇ ಅಂಟಿಕೊಂಡರೆ ಮೂರನೆಯ ರೋಗ, ಕ್ಷಾರ ಭೂಮಿ. ಮಣ್ಣು ಹಸಿಯಿದ್ದಾಗ ಅಂಟು, ಒಣಗಿದಾಗ ಕಲ್ಲು. ನೀರು ಮೇಲೆಯೇ ಕಪ್ಪಗೆ ನಿಲ್ಲುತ್ತದೆ. ಜನ ಸವಳಿಗೂ ಕ್ಷಾರಕ್ಕೂ ಒಟ್ಟಿಗೆ 'ಕರಲು' ಎಂದುಬಿಡುತ್ತಾರೆ. ತೊಂದರೆ ಇಲ್ಲಿಂದಲೇ. ಕ್ಷಾರ ಭೂಮಿಗೆ ಜಿಪ್ಸಂ ಬೇಕು, ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಣದಿಂದ ಕಿತ್ತು ಹಾಕುತ್ತದೆ. ಬರಿ ಸವಳು ಭೂಮಿಗೆ ಜಿಪ್ಸಂ ಹಾಕಿದರೆ ಹಣ ದಂಡ. ಅದಕ್ಕೆ ಬೇಕಾದದ್ದು ಬಸಿಗಾಲುವೆ ಮತ್ತು ಉಪ್ಪನ್ನು ತೊಳೆದು ಒಯ್ಯುವ ಒಳ್ಳೆಯ ನೀರು. ಬಸಿಗಾಲುವೆ ಇಲ್ಲದೆ ಎರಡೂ ವಾಸಿಯಾಗುವುದಿಲ್ಲ.

ಯಾವುದು ಎಂದು ಕಣ್ಣಿನಿಂದ ನಿರ್ಧರಿಸಬೇಡಿರಿ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಮೂರು ಅಂಕೆಗಳನ್ನು ನೋಡಿರಿ. ವಿದ್ಯುತ್ ವಾಹಕತೆ 4ಕ್ಕಿಂತ ಹೆಚ್ಚಿದ್ದು ರಸಸಾರ 8.5ಕ್ಕಿಂತ ಕಡಿಮೆಯಿದ್ದರೆ ಸವಳು. ರಸಸಾರ 8.5 ದಾಟಿ, ವಿನಿಮಯ ಸೋಡಿಯಂ ಶೇಕಡಾ 15ಕ್ಕಿಂತ ಹೆಚ್ಚಿದ್ದರೆ ಕ್ಷಾರ. ವಾಹಕತೆಯೂ ಸೋಡಿಯಮ್ಮೂ ಎರಡೂ ಹೆಚ್ಚಿದ್ದರೆ ಎರಡೂ ರೋಗ ಕೂಡಿವೆ. ಈ ವಾಹಕತೆಯ ಅಂಕೆ ಮಣ್ಣನ್ನು ನೀರಿನಿಂದ ತೋಯಿಸಿ ಹಿಂಡಿದ ರಸದ್ದು. ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಕಲಸಿ ಅಳೆದಿದ್ದರೆ ಅಂಕೆ ಇದಕ್ಕಿಂತ ಬಹಳ ಕಡಿಮೆ ಬರುತ್ತದೆ, ಅದನ್ನು ಇದರೊಡನೆ ಹೋಲಿಸಬಾರದು. ಯಾವ ರೀತಿ ಅಳೆದರೆಂದು ಕೇಳಿ ಚೀಟಿಯ ಮೇಲೆ ಬರೆಯಿಸಿಕೊಳ್ಳಿರಿ.

ಬೋರು ಹಾಕಿಸುವ ದಿನ

ಯಂತ್ರ ಬರುವ ಮೊದಲು ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಯನ್ನು ಕೇಳಿರಿ. ಹತ್ತಿರದ ಹಳೆಯ ಬಾವಿಗಳಲ್ಲಿ ಇಳಿದು, ಯಾವ ಆಳಕ್ಕೆ ಯಾವ ಕಲ್ಲು ಇದೆ, ನೀರು ಎಲ್ಲಿಂದ ಜಿನುಗುತ್ತದೆ ಎಂಬುದನ್ನು ನೋಡಿಕೊಂಡು ಹೋದರೆ ಅವರ ಸಲಹೆಗೂ ಬಲ ಬರುತ್ತದೆ. ಕೊರೆಯುವಾಗ ಮನೆಯವರೊಬ್ಬರು ಕೊನೆಯವರೆಗೂ ಅಲ್ಲೇ ಇರಬೇಕು. ಪ್ರತಿ 10 ಅಡಿಗೆ ಹೊರಬಿದ್ದ ಹುಡಿಯಿಂದ ಒಂದು ಹಿಡಿ ತೆಗೆದು, ತೊಳೆದು, ಹಾಳೆಯ ಮೇಲೆ ಸಾಲಾಗಿ ಇಟ್ಟು ಆಳ ಬರೆಯಿರಿ. ತೊಳೆಯದ ಹುಡಿಯೆಲ್ಲ ಒಂದೇ ಬೂದಿಯಂತೆ ಕಾಣುತ್ತದೆ, ತೊಳೆದರೆ ಕಲ್ಲು ಮಾತಾಡುತ್ತದೆ. ಚೂರುಗಳ ಮೇಲೆ ಕಂದು ಅಥವಾ ಹಳದಿ ತುಕ್ಕಿನ ಕಲೆ ಇದ್ದರೆ ಅಲ್ಲಿ ಬಿರುಕು ಇದೆ, ನೀರು ಆಡಿದೆ. ಎಲ್ಲ ಚೂರೂ ಹೊಸದಾಗಿ ಒಡೆದಂತೆ ಮಿನುಗುತ್ತ, 50, 60 ಅಡಿಯವರೆಗೆ ಒಂದೇ ಬಣ್ಣ ಬರುತ್ತಿದ್ದರೆ ಯಂತ್ರ ನಿಲ್ಲಿಸಿ, ಕಲ್ಲು ಯಾವುದೆಂದು ಕೇಳಿ, ಮುಂದಿನ ತೀರ್ಮಾನ ಮಾಡಿರಿ.

ಸವದತ್ತಿಯ ಆ ರೈತರು ಈಗ ಬೋರಿನ ಪಕ್ಕದಲ್ಲೇ, 110 ಅಡಿಯೊಳಗಿನ ಬಿರುಕುಗಲ್ಲಿಗೆ ಮಳೆಯ ನೀರು ಇಂಗಲೆಂದು ಒಂದು ಗುಂಡಿ ತೋಡಿ ಕಲ್ಲು, ಉಸುಕು ತುಂಬಿಸಿದ್ದಾರೆ. ಕಾಗದವನ್ನು ಮಾತ್ರ ಮಡಿಚಿ ಇಟ್ಟಿಲ್ಲ, ಪಂಪಿನ ಮನೆಯ ಗೋಡೆಗೆ ಅಂಟಿಸಿದ್ದಾರೆ.